ಕಂದು ಬಣ್ಣದ ಹಿಮಪಾತ

ಕುವೈತಿನಲ್ಲಿ ಬೆಟ್ಟ ಎಲ್ಲಿದೆ ಎಂದರೆ ಮುತ್ಲಾ ದಿಣ್ಣೆಯತ್ತ ಕೈ ತೋರಿಸುತ್ತಾರೆ. ನಮ್ಮ ಚಾಮುಂಡಿ ಬೆಟ್ಟ ಅದನ್ನು ನೋಡಿದರೆ ನಕ್ಕೀತು. ಇಂಥ ಊರಲ್ಲೂ 2022ರ ಡಿಸೆಂಬರ್ ಕೊನೆಗೆ ಉಮ್ಮ್ ಅಲ್ ಹೈಮಾನ್ ಕಡೆ ಆಲಿಕಲ್ಲು ಸುರಿದು ರಸ್ತೆಯೆಲ್ಲ ಬೆಳ್ಳಗಾಯಿತು. ಮಕ್ಕಳು ಬಾಚಿ ಎರಚಾಡಿದರು, ದೊಡ್ಡವರು ಫೋನು ಹಿಡಿದರು. ವಿಡಿಯೊ ಮಂಗಳೂರು ಮುಟ್ಟಿದ್ದೇ ತಡ, ಚಿಕ್ಕಮ್ಮನ ಫೋನು: "ಸ್ವೆಟರ್ ಕಳಿಸ್ಬೇಕಾ ಮಾರಾಯ?"

ಚಿಕ್ಕಮ್ಮನಿಗೆ ಗೊತ್ತಿಲ್ಲ, ಇಲ್ಲಿನ ಅಸಲಿ ಹಿಮಪಾತದ ಬಣ್ಣ ಕಂದು. ದಕ್ಷಿಣ ಇರಾಕಿನ ಒಣನೆಲದಿಂದ ಶಮಾಲ್ ಎಂಬ ವಾಯವ್ಯದ ಗಾಳಿ ದೂಳನ್ನು ಹೊತ್ತು ತರುತ್ತದೆ. ಅದಕ್ಕೆ ವೀಸಾ ಬೇಡ, ಇಕಾಮಾ ಎಂಬ ವಾಸದ ಪರವಾನಗಿ ಬೇಡ, ಕಫೀಲ ಎಂಬ ಪ್ರಾಯೋಜಕನೂ ಬೇಡ. 2011ರ ಮಾರ್ಚ್ 25ರಂದು ದೂಳಿನ ಗೋಡೆಯೇ ನಡೆದು ಬಂದು ಊರನ್ನು ಕತ್ತಲು ಮಾಡಿತ್ತು. 2022ರ ಮೇ ತಿಂಗಳಲ್ಲಂತೂ ಕೆಲ ಹೊತ್ತು ವಿಮಾನಗಳನ್ನೇ ನಿಲ್ಲಿಸಬೇಕಾಯಿತು.

ದೂಳೆದ್ದ ದಿನ ಐದನೇ ರಿಂಗ್ ರೋಡಿಗೆ ಬರಬೇಕು. ಮುಂದಿನ ಕಾರು ಕಾಣದು. ಅದರ ಹಜಾರ್ಡ್ ಲೈಟು ಮಾತ್ರ ಮಿಣಮಿಣ. ಬುದ್ಧಿಯಿದ್ದವರು ವೇಗ ಇಳಿಸಿ ಅಂತರ ಬಿಡುತ್ತಾರೆ. ಆ ಅಂತರ ತನಗೇ ಮೀಸಲು ಎಂದುಕೊಂಡ ಲ್ಯಾಂಡ್ ಕ್ರೂಸರಿನವನೊಬ್ಬ ಹೈಬೀಮ್ ಹೊಡೆಯುತ್ತ ನುಗ್ಗುತ್ತಾನೆ. ಸೀದಾ ಸ್ವರ್ಗಕ್ಕೇ ಹೋಗುವ ಆತುರ, ಹೋಗಲಿ ಬಿಡಿ!

ಕಿಟಕಿ ಸಂದಿಗೆ ಒದ್ದೆ ಟವೆಲು ತುರುಕಿದರೂ ದೂಳು ಹಪ್ಪಳದ ಡಬ್ಬದೊಳಗೆ ಹಾಜರು. ಕನ್ನಡ ಕಲಿ ಎಂದರೆ ಓಡುವ ನಮ್ಮ ಮಗ ಅಂಥದೊಂದು ದಿನ ಟೀಪಾಯಿಯ ಮೇಲೆ ಬೆರಳಲ್ಲಿ ಅ, ಆ, ಇ, ಈ ಬರೆದ. ನಾನು ಹಿಗ್ಗಿ ಫೋಟೊ ತೆಗೆಯುವಷ್ಟರಲ್ಲಿ ಹೆಂಡತಿ ಬಟ್ಟೆ ತಂದು ನನ್ನ ಕೈಗಿಟ್ಟಳು: "ಉ, ಊ ಬರೆಯೋಕೆ ಮುಂಚೆ ಒರೆಸಿಬಿಡಿ."