ಜೇಬಿನ ಸ್ಟುಡಿಯೋ, ಹೆಗಲಿನ ಬ್ಯಾಗು

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಲು ಹೊರಟವರ ಕಣ್ಣು ಮೊದಲು ಬೀಳುವುದು ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಎಂಟು ಇನ್‌ಪುಟ್‌ಗಳ ಆಡಿಯೋ ಇಂಟರ್‌ಫೇಸ್ ಮೇಲೆ. ಮನೆಯಲ್ಲಿರುವುದು ಒಂದು ಗಂಟಲು, ಒಂದು ಗಿಟಾರ್. ಉಳಿದ ಆರು ತೂತು ದೂಳಿಗೆ ಮೀಸಲು.

ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2ನಂಥ ಪುಟ್ಟ ಪೆಟ್ಟಿಗೆಯೇ ಧಾರಾಳವಾಯಿತು. ಅದು ಕರೆಂಟನ್ನೂ ಯುಎಸ್‌ಬಿ ಕೇಬಲ್‌ನಿಂದಲೇ ಹೀರುತ್ತದೆ. ಲ್ಯಾಪ್‌ಟಾಪ್ ಸಹಿಸಿಕೊಳ್ಳುತ್ತದೆ; ಫೋನು ಎಷ್ಟೋ ಸಲ ಮುನಿಸಿಕೊಳ್ಳುತ್ತದೆ. ಆಗ ಪವರ್ ಬ್ಯಾಂಕ್, ಹಬ್, ಅಡಾಪ್ಟರ್ ಎಲ್ಲ ಸೇರಿ ಜೇಬಿನ ಸ್ಟುಡಿಯೋ ಹೆಗಲೇರುತ್ತದೆ.

ಕಂಡೆನ್ಸರ್ ಮೈಕಾದರೆ ಅದಕ್ಕೆ ಕರೆಂಟು ಕೊಡುವ 48 ವೋಲ್ಟಿನ ಗುಂಡಿ ಪೆಟ್ಟಿಗೆಯಲ್ಲಿ ಇದೆಯೇ ನೋಡಬೇಕು. ಈ ಲೆಕ್ಕದ ತವರು ನಾರ್ವೆ. 1966ರಲ್ಲಿ ನಾಯ್ಮನ್ ಕಂಪನಿ ಅಲ್ಲಿನ ರೇಡಿಯೋಗೆ ಹೊಸ ಮೈಕು ತೋರಿಸಿದಾಗ, ತುರ್ತು ದೀಪಗಳಿಗೆಂದು 48 ವೋಲ್ಟ್ ಸ್ಟುಡಿಯೋದಲ್ಲಿ ಆಗಲೇ ಇತ್ತು. ಮೈಕಿಗೂ ಅದನ್ನೇ ಕೊಟ್ಟರು!

ಶ್ಯೂರ್ ಎಸ್‌ಎಂ7ಬಿ ಎಂಬ ಡೈನಾಮಿಕ್ ಮೈಕಿಗೆ ಆ ಗುಂಡಿ ಬೇಡ. ಆದರೆ ಸುಮಾರು 60 ಡೆಸಿಬೆಲ್ ಗೇನ್ (ವರ್ಧನೆ) ಕೊಡದೆ ಅದು ಬಾಯಿಬಿಡದು.

ಡಬ್ಬದ ಮೇಲಿನ 192 ಕಿಲೋಹರ್ಟ್ಸ್ ಸ್ಯಾಂಪಲ್ ರೇಟ್‌ಗೆ ಮರುಳಾಗುವವರೂ ಇದ್ದಾರೆ. ಸಿಡಿಗೆ 44.1 ಸಾಕಾಗಿತ್ತು, ಮನುಷ್ಯರ ಕಿವಿ 20 ಕಿಲೋಹರ್ಟ್ಸ್ ಆಚೆಗೆ ಕೆಲಸ ಮಾಡುವುದಿಲ್ಲ. ಆದರೂ 192ರಲ್ಲೇ ಹಾಡಿದರೆ, ಪಕ್ಕದ ಮನೆಯ ಕುಕ್ಕರ್ ಸೀಟಿಯೂ ನಾಲ್ಕು ಪಟ್ಟಿಗಿಂತ ಹೆಚ್ಚು ಜಾಗ ಹಿಡಿದು ಹಾರ್ಡ್ ಡಿಸ್ಕಿನಲ್ಲಿ ಕೂರುತ್ತದೆ.