ಸೈಗಾನಿಗೆ ಹೊರಟ ತಳಿಯವನು

ಭಾಷೆ ಕಲಿಯೋದಕ್ಕೆ ಅಂತ ಹೊಸೂರು ಸೀಮೆಯ ತಳಿ ಊರಿನವನೊಬ್ಬ ವಿಮಾನ ಹತ್ತುತ್ತಾನೆ ಅಂದರೆ ನಗು ಬರದೆ ಇನ್ನೇನು ಬಂದೀತು? ನಮ್ಮೂರಿನಲ್ಲಿ ಬೆಳಿಗ್ಗೆ ಹಾಲು ಹಾಕಿಸಿಕೊಳ್ಳೋದು ಕನ್ನಡದಲ್ಲಿ, ಸೊಪ್ಪಿನವಳ ಹತ್ತಿರ ಚೌಕಾಸಿ ತೆಲುಗಿನಲ್ಲಿ, ಹೊಸೂರಿನ ಬಸ್ಸಿನಲ್ಲಿ ಚಿಲ್ಲರೆಗೆ ಜಗಳ ತಮಿಳಿನಲ್ಲಿ, ಟೈಲರ್ ಸಾಬರ ಹತ್ತಿರ ಬೇಡಿಕೊಳ್ಳೋದು ಉರ್ದುವಿನಲ್ಲಿ. ಹತ್ತು ಗಂಟೆ ಹೊಡೆಯೋದರೊಳಗೆ ನಾಲ್ಕು ಭಾಷೆ ಮುಗಿದಿರುತ್ತವೆ. ನಾಲ್ಕರಲ್ಲೂ ತಪ್ಪಿರುತ್ತದೆ, ನಾಲ್ಕರಲ್ಲೂ ಕೆಲಸ ಆಗಿರುತ್ತದೆ, ಶರ್ಟಿನ ಹೊಲಿಗೆಯೊಂದನ್ನು ಬಿಟ್ಟು. ಅಂಥ ಊರಿನ ಹುಡುಗ, ನಮ್ಮಣ್ಣನ ಮಗ, ಸಾಲದು ಅಂತ ಇನ್ನೊಂದನ್ನು ಕಲಿಯೋಕೆ ಸಮುದ್ರ ದಾಟಿದ್ದಾನೆ.

"ಯಾವ ಭಾಷೇಲಾ?" ಅಂದೆ.

"ವಿಯೆಟ್ನಾಮೀಸ್, ಚಿಕ್ಕಪ್ಪ. ಅಲ್ಲೇ ಓಗಿ ಇದ್ದು ಕಲೀಬೇಕು. ಒಸ ಫ್ರೆಂಡ್ಸೂ ಆಯ್ತಾರೆ."

"ಫ್ರೆಂಡ್ಸು ದೆಂಕಣಿಕೋಟೇಲಿ ಸಿಗಲ್ವೇನ್ಲಾ?"

ಈ ಪ್ರಶ್ನೆಗೆ ಅವನು ಉತ್ತರ ಕೊಡಲಿಲ್ಲ. ಫೋನ್ ನೋಡಿದ. ಈಗಿನ ಮಕ್ಕಳಲ್ಲಿ ಅದೇ ಉತ್ತರ.

ನಮ್ಮ ಮನೆತನಕ್ಕೆ ಊರು ಬಿಟ್ಟು ಹೋಗಿ ಅಭ್ಯಾಸವಿಲ್ಲ, ಊರೇ ನಮ್ಮನ್ನು ಹೊತ್ತುಕೊಂಡು ಓಡಾಡಿದೆ. 1956ರಲ್ಲಿ ರಾಜ್ಯಗಳನ್ನು ಭಾಷೆ ನೋಡಿ ಕತ್ತರಿಸಿದಾಗ ಹೊಸೂರು ಸೀಮೆ ಮದ್ರಾಸಿನ ಕಡೆಗೇ ಉಳಿಯಿತು. 1965ರಲ್ಲಿ ಸೇಲಂ ಒಡೆದು ಧರ್ಮಪುರಿ ಜಿಲ್ಲೆ ಆಯಿತು, 2004ರಲ್ಲಿ ಧರ್ಮಪುರಿ ಒಡೆದು ಕೃಷ್ಣಗಿರಿ. ನಮ್ಮಪ್ಪ ಸೇಲಂ ಜಿಲ್ಲೆಯಲ್ಲಿ ಹುಟ್ಟಿದ, ಧರ್ಮಪುರಿ ಜಿಲ್ಲೆಯಲ್ಲಿ ಮದುವೆಯಾದ, ಕೃಷ್ಣಗಿರಿ ಜಿಲ್ಲೆಯಲ್ಲಿ ತೀರಿಕೊಂಡ. ಮೂರೂ ಒಂದೇ ಮನೆಯ ಒಂದೇ ಪಡಸಾಲೆಯಲ್ಲಿ ನಡೆದವು. ಇಷ್ಟೆಲ್ಲ ಪ್ರಯಾಣ ಮಾಡಿದವನು ಒಂದು ಟಿಕೆಟ್ಟೂ ತೆಗೆಸಿರಲಿಲ್ಲ.

ಹುಡುಗನಿಗೆ ಭಾಷೆ ಕಲಿತ ಅನುಭವ ಇಲ್ಲದಿಲ್ಲ. 2006ರಲ್ಲಿ ತಮಿಳು ಕಲಿಕೆಯ ಕಾಯಿದೆ ಬಂತಲ್ಲ, ಒಂದನೇ ಕ್ಲಾಸಿನಿಂದ ಶುರುವಾಗಿ ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯವಾಗುತ್ತ ಹೋಯಿತು. ಇವನು ಅದರ ಜೊತೆಜೊತೆಗೇ ಮೇಲಕ್ಕೆ ಹತ್ತಿದವನು. ಮನೆಯಲ್ಲಿ ಕನ್ನಡ ಆಡುವ ಮಕ್ಕಳಿಗೆ ಆ ಕಾಯಿದೆ ಹಾಕಿದ ಭಾರ ಎಂಥದ್ದು ಅಂತ ಈ ಕಡೆಯ ಕನ್ನಡ ಮೇಷ್ಟರುಗಳನ್ನು ಕೇಳಬೇಕು. ಅದು ಹರಟೆಗೆ ಒಗ್ಗುವ ಮಾತಲ್ಲ. ಆದರೆ ನಾನು ಕಣ್ಣಾರೆ ಕಂಡದ್ದನ್ನು ಹೇಳಿಬಿಡುತ್ತೇನೆ. ಕಾಯಿದೆ ಕಲಿಸಿದ ತಮಿಳಿನಲ್ಲಿ ಅವನಿಗೆ ಬಂದದ್ದು ಪಾಸಾಗುವಷ್ಟು ಅಂಕ. ಬಾಯಲ್ಲಿ ಓಡುವ ತಮಿಳು ಬಂದದ್ದು ಕಬಡ್ಡಿ ಅಂಕಣದಲ್ಲಿ, ಕಾಲು ಹಿಡಿದವನಿಗೆ ಬೈದು ಬೈದು.

ಇನ್ನು ವಿಯೆಟ್ನಾಮೇ ಯಾಕೆ ಅಂದರೆ ಅದಕ್ಕೂ ಹೊಟ್ಟೆಪಾಡಿನ ಲೆಕ್ಕವಿದೆ. ಆ ದೇಶದ ವಿನ್‌ಫಾಸ್ಟ್ ಕಂಪನಿ 2025ರ ಆಗಸ್ಟಿನಲ್ಲಿ ತೂತ್ತುಕುಡಿಯಲ್ಲಿ ಕರೆಂಟು ಕಾರಿನ ಕಾರ್ಖಾನೆ ತೆರೆಯಿತು. ಅವರ ಇಂಜಿನಿಯರು ಹೇಳಿದ್ದು ಇಲ್ಲಿನ ಕೆಲಸಗಾರರಿಗೆ, ಇವರು ಗೊಣಗಿದ್ದು ಅವರಿಗೆ ಮುಟ್ಟಿಸೋಕೆ ನಡುವೆ ಒಬ್ಬ ಬೇಕೇ ಬೇಕು, ಆ ಒಬ್ಬ ನಾನೇ ಯಾಕಾಗಬಾರದು ಅಂತ ಇವನ ತರ್ಕ. ಹಾಗೆ ನೋಡಿದರೆ ಕೊಡಗು, ಸಕಲೇಶಪುರದ ತೋಟದವರ ಮುಂದೆ ವಿಯೆಟ್ನಾಂ ಅಂತ ಹೆಸರೆತ್ತಿದರೆ ಮುಖ ಕೆಂಪಾಗುತ್ತದೆ. ಕೆಜಿಗೆ 500 ರೂಪಾಯಿಗಿಂತ ಅಗ್ಗದ ಕರಿಮೆಣಸು ಹೊರಗಿನಿಂದ ಬರಕೂಡದು ಅಂತ ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ಗೆರೆ ಎಳೆಯಬೇಕಾಗಿ ಬಂದದ್ದು ಆ ಕಡೆಯ ಸರಕಿನ ಭಯಕ್ಕೇ ತಾನೆ? ತಳಿಯವರಿಗೆ ಆ ಸಿಟ್ಟಿಲ್ಲ. ನಾವು ಬೆಳೆಯೋದು ರಾಗಿ, ಗುಲಾಬಿ, ಕ್ಯಾಪ್ಸಿಕಂ. ಇಸ್ರೇಲಿನವರ ಸಹಕಾರದಲ್ಲಿ ಹೂವಿನ ಕೇಂದ್ರವೇ ನಮ್ಮೂರಲ್ಲಿದೆ. ಹಾಗಂತ ಯಾರೂ ಹೀಬ್ರೂ ಕಲಿಯೋಕೆ ಹೊರಡಲಿಲ್ಲ ಅನ್ನೋದು ಬೇರೆ ಮಾತು.

ಹೊರಡುವ ಮೊದಲು ಮನೆಯಲ್ಲೇ ತಯಾರಿ ನಡೆಯಿತು. ಡ್ಯುಯೊಲಿಂಗೊ ಅಂತ ಫೋನಿನೊಳಗೊಂದು ಹಸಿರು ಗೂಬೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅದು ಕೂಗಿ "ಪಾಠ ಮಾಡಿಲ್ಲ" ಅಂತ ನೆನಪಿಸೋದು, ನಮ್ಮವ್ವ ಶಾಂತಂ ಪಾಪಂ ಅಂತ ಬಾಗಿಲ ಕಡೆ ನೋಡೋದು. ಗೂಬೆ ದುಡಿದದ್ದು ಸುಳ್ಳಲ್ಲ. ಆದರೆ ಅದು ಕಲಿಸೋದು ಉತ್ತರದ ಹನೋಯ್ ಕಡೆಯ ಉಚ್ಚಾರ, ಇವನು ಹೋಗಿ ಇಳಿದದ್ದು ದಕ್ಷಿಣದ ಹೋ ಚಿ ಮಿನ್ ನಗರದಲ್ಲಿ. ಅಂದರೆ ಸೈಗಾನ್. 1976ರಲ್ಲಿ ಹೆಸರು ಬದಲಾದರೂ ಊರಿನವರ ಬಾಯಲ್ಲಿ ಅದು ಇನ್ನೂ ಸೈಗಾನೇ. ಧಾರವಾಡದ ಕನ್ನಡ ಬಾಯಿಪಾಠ ಮಾಡಿಕೊಂಡವನು ಅಂಚೆಟ್ಟಿಯಲ್ಲಿ ಬಸ್ಸಿಳಿದ ಹಾಗಾಯಿತು. ಮೊದಲ ವಾರ ಇವನು ಆಡಿದ್ದಕ್ಕೆಲ್ಲ ಅಲ್ಲಿನವರು ಬಹಳ ಮರ್ಯಾದೆಯಿಂದ ನಕ್ಕರಂತೆ.

ಆ ಭಾಷೆಯ ಕಷ್ಟ ಇರೋದು ಗಂಟಲಲ್ಲಿ. ಒಂದೇ ‘ಮಾ’ ಅನ್ನುವ ಸದ್ದನ್ನು ಏರಿಸಿ, ಇಳಿಸಿ, ತಡೆದು, ಮುರಿದು ಹೇಳಿದರೆ ಅಮ್ಮ, ಆದರೆ, ಭತ್ತದ ಸಸಿ, ಕುದುರೆ, ಗೋರಿ ಆಗುತ್ತವೆ. ಏನೂ ಮಾಡದೆ ಸಮನಾಗಿ ಅಂದರೆ ದೆವ್ವ. ಹನೋಯಿಯಲ್ಲಿ ಇಂಥ ಸ್ವರ ಆರು, ಸೈಗಾನಿನವರು ಎರಡನ್ನು ಒಂದೇ ಮಾಡಿಕೊಂಡು ಐದರಲ್ಲಿ ಸಂಸಾರ ನಡೆಸುತ್ತಾರೆ. ಅಷ್ಟು ರಿಯಾಯಿತಿ ಸಿಕ್ಕರೂ ನಮ್ಮವನಿಗೆ ಉಪಯೋಗವಾಗಲಿಲ್ಲ. ಯಾಕಂದರೆ ನಾವು ತಳಿಯವರು ಏನು ಕೇಳುವುದಿದ್ದರೂ ಕೊನೆಗೆ ಒಂದು ರಾಗ ಎಳೆಯುತ್ತೇವೆ. "ಓದ್ಯಾ? ಬಂದ್ಯಾ? ಉಂಡ್ಯಾ?" ಆ ರಾಗವೊಂದು ಹುಟ್ಟಿನಿಂದ ಬಂದದ್ದು. ಅಲ್ಲಿ ಅದನ್ನೆಳೆದರೆ ಕೊನೆಯ ಮಾತಿನ ಅರ್ಥವೇ ಬೇರೆ ಕಡೆ ಹೋಗಿರುತ್ತದೆ. ಮನೆ ಒಡತಿಯನ್ನು ನಿಮ್ಮ ಅಮ್ಮ ಚೆನ್ನಾಗಿದ್ದಾರಾ ಅಂತ ವಿಚಾರಿಸಲು ಹೋಗಿ ಇವನು ಯಾರ ಯೋಗಕ್ಷೇಮ ಕೇಳಿದನೋ, ಆಯಮ್ಮ ಒಂದು ದಿನ ಸಂಜೆ ಮೇಲೆ ಮಹಡಿ ಹತ್ತಲಿಲ್ಲವಂತೆ. ಇದರಲ್ಲಿ ಅರ್ಧ ನಾನು ಸೇರಿಸಿದ್ದು.

ಪಾಠ ಕಲಿಯಲು ಸೇರಿದ್ದು ಸರಿಯಾದ ಜಾಗಕ್ಕೇ. ದಿನ್ ತಿಯೆನ್ ಹ್ವಾಂಗ್ ಅನ್ನುವ ರಸ್ತೆಯಲ್ಲಿ ಸಮಾಜವಿಜ್ಞಾನ ಮತ್ತು ಮಾನವಿಕಗಳ ವಿಶ್ವವಿದ್ಯಾಲಯವಿದೆ, ಪರದೇಶದವರಿಗೆ ಭಾಷೆ ಕಲಿಸುವುದರಲ್ಲಿ ಹೆಸರಾದದ್ದು. ಸೇರಿದ್ದೇ ತಡ ಫೋನ್ ಬಂತು. "ಚಿಕ್ಕಪ್ಪ, ಫ್ರೆಂಡ್ಸ್ ಆದ್ರು!" ಯಾರು ಅಂತ ಕೇಳಿದರೆ ಇಬ್ಬರು ಕೊರಿಯಾದವರು, ಒಬ್ಬ ಜಪಾನಿನವನು. ಅವರ ಜೊತೆ ಮಾತು ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ! ಹೊಸೂರಿನ ಕಾರ್ಖಾನೆಗಳ ಹಾಸ್ಟೆಲುಗಳಲ್ಲಿ ಜಾರ್ಖಂಡಿನ ಹುಡುಗಿಯರಿದ್ದಾರೆ, ಅವರೂ ಹೀಗೇ. ಬಂದು ವರ್ಷಗಟ್ಟಲೆ ಕಳೆದರೂ ತಮ್ಮತಮ್ಮಲ್ಲೇ ಹಿಂದಿ. ಪಾಪ, ಅವರಿಗೆ ಶಿಫ್ಟು ಮುಗಿದ ಮೇಲೆ ಮಾತಾಡುವ ತ್ರಾಣವಾದರೂ ಎಲ್ಲಿ? ಇವನಿಗೇನು ಧಾಡಿ? ತಳಿಯ ಮರ್ಯಾದೆ ತೆಗೆದೆಯಲ್ಲೋ ಅಂತ ಬೈದೆ. ಕ್ಲಾಸು ಬಿಟ್ಟು ಬೀದಿಗೆ ಹೋಗು, ಅಲ್ಲಿ ಕೂತುಕೋ ಅಂದೆ.

ಅಲ್ಲಿ ಬೀದಿಗಳಿಗೆ ಬರವಿಲ್ಲ. ಹತ್ತು ಕೋಟಿ ಜನಕ್ಕೆ ಏಳು ಕೋಟಿಗೂ ಮಿಕ್ಕಿ ಮೋಟರ್ ಸೈಕಲ್ ಇರುವ ದೇಶ. ಟಿವಿಎಸ್ ಕಾರ್ಖಾನೆಯ ಗೇಟಿನ ಮುಂದೆ ಶಿಫ್ಟು ಬಿಡೋದನ್ನು ನೋಡುತ್ತ ಬೆಳೆದ ಹುಡುಗನೂ ರಸ್ತೆ ದಾಟಲಾಗದೆ ನಿಂತುಬಿಟ್ಟನಂತೆ. ನಿಲ್ಲದೆ, ಓಡದೆ, ಒಂದೇ ಹದದಲ್ಲಿ ನಡೆಯುತ್ತಿರಬೇಕು, ಗಾಡಿಗಳು ತಾವೇ ಸುತ್ತಿಕೊಂಡು ಹೋಗುತ್ತವೆ ಅನ್ನೋದು ಅಲ್ಲಿನ ಉಪಾಯ. ಜವಳಗಿರಿ ಕಾಡಿನಿಂದ ರಾಗಿ ಹೊಲಕ್ಕೆ ಆನೆ ಇಳಿದಾಗ ಎಲ್ಲಿದ್ದೀಯೋ ಅಲ್ಲೇ ನಿಲ್ಲು ಅಂತ ಕಲಿಸಿದ ನಾವು ಅದಕ್ಕೆ ತದ್ವಿರುದ್ಧ. ಹೇಗೋ ದಾಟಿದ. ದಾಟಿದ ಮೇಲೆ ಆ ಕಡೆ ಫುಟ್‌ಪಾತಿನಲ್ಲಿ ಮಕ್ಕಳಿಗೆ ಮಾಡಿಸಿದಷ್ಟು ಪುಟ್ಟ ಪ್ಲಾಸ್ಟಿಕ್ ಸ್ಟೂಲು, ಮಂಜುಗಡ್ಡೆ ಮೇಲೆ ಸುರಿದ ಕಪ್ಪು ಡಿಕಾಕ್ಷನ್ನು, ಅದರಡಿಯಲ್ಲಿ ಗಟ್ಟಿ ಸಿಹಿ ಹಾಲು. ಕೂತ. ಪಕ್ಕದವನು ತಿರುಗಿ ನೋಡಿ ಮೊದಲು ಕೇಳಿದ್ದು ಹೆಸರಲ್ಲ, ಊರಲ್ಲ. "ವಯಸ್ಸೆಷ್ಟು?"

ಇಂಗ್ಲಿಷು ಓದಿದವರಿಗೆ ಇದು ಕೆಟ್ಟ ನಡತೆ. ಆದರೆ ಅಲ್ಲಿ ವಯಸ್ಸು ಗೊತ್ತಾಗದೆ ಬಾಯಿ ತೆರೆಯುವ ಹಾಗೇ ಇಲ್ಲ. ಎದುರಿನವನು ದೊಡ್ಡವನಾದರೆ ‘ಆನ್’, ಅಂದರೆ ಅಣ್ಣ. ಆಗ ನಾನು ಅನ್ನುವ ಬದಲು ‘ಎಮ್’, ತಮ್ಮ, ಅಂತ ಹೇಳಿಕೊಳ್ಳಬೇಕು. ತಮ್ಮನಿಗೆ ಹಸಿವಾಗಿದೆ, ತಮ್ಮ ನಾಳೆ ಬರುತ್ತಾನೆ, ಹೀಗೆ. ಅಪ್ಪನ ಅಣ್ಣನಿಗೊಂದು ಹೆಸರು, ತಮ್ಮನಿಗೊಂದು, ಸೋದರಮಾವನಿಗೆ ಬೇರೆ, ಚಿಕ್ಕಮ್ಮನಿಗೆ ಬೇರೆ. ಬೀದಿಯಲ್ಲಿ ಸಿಕ್ಕ ಅಪರಿಚಿತರೆಲ್ಲ ಈ ಲೆಕ್ಕದೊಳಗೇ ಬರಬೇಕು. ಕೊರಿಯಾದವರಿಗೆ ಇದು ಅರ್ಧ ಗೊತ್ತು, ಅಮೆರಿಕದವರು ತಲೆ ಹಿಡಿದುಕೊಂಡು ಕೂರುತ್ತಾರೆ. ನಮ್ಮವನಿಗೆ ಮಾತ್ರ ಹಬ್ಬ! ಕಂಡಕ್ಟರನಿಗೆ ಅಣ್ಣ, ತರಕಾರಿಯವಳಿಗೆ ಅಕ್ಕ, ದಾರಿ ಕೇಳಿದ ಮುದುಕನಿಗೆ ತಾತ ಅಂತ ಕರೆದು ಬೆಳೆದವನಿಗೆ ಬೇರೆ ಪಾಠವೇ ಬೇಕಿರಲಿಲ್ಲ. ಅಕ್ಕನನ್ನು ‘ಚಿ’ ಅನ್ನಬೇಕಾದಾಗ ಮಾತ್ರ ಮೊದಮೊದಲು ನಾಲಿಗೆ ತಡೆಯಿತಂತೆ. ಅಲ್ಲಿ ಗೌರವ, ಇಲ್ಲಿ ಹಾಗಂದರೆ ಕೆನ್ನೆಗೆ ಬೀಳುತ್ತದೆ.

ಸೈಗಾನಿನ ಕಡೆ ಇನ್ನೊಂದು ತಮಾಷೆಯಿದೆ. ಮನೆಯ ಹಿರಿಮಗನನ್ನು ‘ಎರಡು’ ಅಂತ ಕರೆಯುತ್ತಾರೆ. ಎರಡನೆಯವನು ‘ಮೂರು’. ಒಂದನೆಯವನು ಯಾರು ಅಂದರೆ ಯಾರೂ ಇಲ್ಲ. ಯಾಕೆ ಅಂತ ಕೇಳಿದರೆ ತಲೆಗೊಂದು ಕಥೆ. ಚೊಚ್ಚಲ ಮಗುವಿನ ಮೇಲೆ ಕೆಟ್ಟದ್ದರ ಕಣ್ಣು ಬೀಳದಿರಲಿ ಅಂತ ಕೆಲವರು, ಒಂದನೆಯ ಸ್ಥಾನ ಹಿರಿಯರದ್ದು ಅಂತ ಕೆಲವರು. ದೃಷ್ಟಿಬೊಟ್ಟು ಇಟ್ಟವರ ವಂಶದ ನಮಗೆ ಮೊದಲನೆಯದು ಚೆನ್ನಾಗಿ ಹಿಡಿಸಿತು. ನಮ್ಮವನೂ ಮನೆಗೆ ಹಿರಿಯ. ಗಲ್ಲಿಯವರು ಅವನನ್ನು ‘ಎರಡಣ್ಣ’ ಅನ್ನಲು ಶುರು ಮಾಡಿದ ದಿನ ಅವನ ಕೊರಿಯಾದ ಗೆಳೆಯರು ಇನ್ನೂ ಪುಸ್ತಕದ ನಾಲ್ಕನೇ ಪಾಠದಲ್ಲಿದ್ದರು.

ಹೀಗೆ ಬೀದಿಯಲ್ಲಿ ಕಲಿಯೋದನ್ನು ಕೀಳಾಗಿ ನೋಡುವ ಪಂಡಿತರಿಗೆ ನಾನೊಬ್ಬ ಪಾದ್ರಿಯ ಕಥೆ ಹೇಳುತ್ತೇನೆ. ಅಲೆಕ್ಸಾಂಡರ್ ದ ರೋದ್ ಅಂತ ಅವಿನ್ಯೋನ್ ಊರಿನ ಜೆಸುಯಿಟ್. 1624ರಲ್ಲಿ ವಿಯೆಟ್ನಾಮಿಗೆ ಬಂದಾಗ ಜನರ ಮಾತು ಹಕ್ಕಿಗಳ ಚಿಲಿಪಿಲಿಯಂತೆ ಕೇಳಿ ಕೈಚೆಲ್ಲಿದ್ದ. ಅವನಿಗೆ ಸ್ವರಗಳನ್ನೆಲ್ಲ ಮೂರೇ ವಾರದಲ್ಲಿ ಕಲಿಸಿದ್ದು ಅಲ್ಲಿನ ಒಬ್ಬ ಪುಟ್ಟ ಹುಡುಗ. ಇವನ ಭಾಷೆ ಅವನಿಗೆ ಬಾರದು, ಅವನ ಭಾಷೆ ಇವನಿಗೆ ಬಾರದು, ಆದರೂ ಕಲಿತೆ ಅಂತ ಪಾದ್ರಿಯೇ ಬರೆದಿಟ್ಟಿದ್ದಾನೆ. 1651ರಲ್ಲಿ ರೋಮಿನಲ್ಲಿ ಅಚ್ಚಾದ ವಿಯೆಟ್ನಾಮೀಸ್, ಪೋರ್ಚುಗೀಸ್, ಲ್ಯಾಟಿನ್ ನಿಘಂಟು ಅವನದೇ. ಇವತ್ತು ಆ ಭಾಷೆಯನ್ನು ಎ ಬಿ ಸಿ ಡಿಯಲ್ಲಿ ಬರೆಯುತ್ತಾರಲ್ಲ, ಆ ಬರಹ ನೆಲೆ ನಿಂತದ್ದರಲ್ಲಿ ಅದರ ಪಾಲು ದೊಡ್ಡದು. ನಮ್ಮ ಕಿಟೆಲ್ ಸಾಹೇಬರೂ 1853ರಲ್ಲಿ ಬಂದವರು 1894ರಲ್ಲಿ ನಿಘಂಟು ಕೊಟ್ಟರು. ಅವರೂ ಜನರ ನಡುವೆ ಓಡಾಡಿ ಮಾತು ಹೆಕ್ಕಿದವರೇ. ನಿಘಂಟಿನ ಮೇಲೆ ಹೆಸರು ಪಾದ್ರಿಗಳದ್ದು ಬರುತ್ತದೆ, ಕಲಿಸಿದ ಹುಡುಗರ ಹೆಸರು ಹಾಕುವ ಪದ್ಧತಿ ಪ್ರಕಾಶಕರಲ್ಲಿ ಅಂದೂ ಇರಲಿಲ್ಲ.

ಊಟದ ಚಿಂತೆ ನಮ್ಮವ್ವನಿಗೆ ಬಹಳವಿತ್ತು. ಎಲ್ಲದಕ್ಕೂ ಮೀನಿನ ರಸ ಹಾಕುತ್ತಾರಂತೆ, ಶನಿವಾರ ಏನು ತಿನ್ನುತ್ತೀಯ ಅಂತ. ನೋಡಿದರೆ ಅಲ್ಲಿನ ಬೌದ್ಧರೂ ಚಾಂದ್ರಮಾನ ತಿಂಗಳ ಮೊದಲನೇ ದಿನ, ಹುಣ್ಣಿಮೆಯ ದಿನ ಮಾಂಸ ಮುಟ್ಟುವುದಿಲ್ಲವಂತೆ. ‘ಚಾಯ್’ ಅಂತ ಬೋರ್ಡಿದ್ದ ಹೋಟೆಲು ನೋಡಿ ಟೀ ಕುಡಿಯಲು ನುಗ್ಗಿದವನಿಗೆ ಸಸ್ಯಾಹಾರಿ ಊಟ ಸಿಕ್ಕಿತು. ಒತ್ತು ಶಾವಿಗೆಯಂಥದ್ದೇ ಅಕ್ಕಿ ಶಾವಿಗೆ, ಅರಿಶಿನ ಹಾಕಿ ಹುಯ್ದ ಅಕ್ಕಿ ಹಿಟ್ಟಿನ ದೋಸೆ. ದೇವರ ಚಿಂತೆಯೂ ತೀರಿತು. ಬೆನ್ ಥಾನ್ ಮಾರುಕಟ್ಟೆಯ ಹತ್ತಿರ, ತ್ರೂಂಗ್ ದಿನ್ ರಸ್ತೆಯಲ್ಲಿ ಮಾರಮ್ಮ ಇದ್ದಾಳೆ! ಫ್ರೆಂಚರ ಕಾಲದಲ್ಲಿ ವ್ಯಾಪಾರಕ್ಕೆ ಹೋದ ತಮಿಳರು ಕಟ್ಟಿಸಿದ ಮಾರಿಯಮ್ಮನ ಗುಡಿ. ವ್ಯಾಪಾರಿಗಳು ಹೋದರು, ಅಮ್ಮ ಉಳಿದಳು. ಈಗ ಅವಳಿಗೆ ನಡೆದುಕೊಳ್ಳುವವರಲ್ಲಿ ಹೆಚ್ಚಿನವರು ವಿಯೆಟ್ನಾಮಿಗಳು, ಚೀನಿಯರು. ಗುಡಿಯ ಕಲ್ಲಿನ ಗೋಡೆಗೆ ಹಣೆ ಒತ್ತಿ ನಿಂತು ಬೇಡಿಕೊಳ್ಳುತ್ತಾರೆ. ಯಾವ ಗೂಬೆಯ ಸಹಾಯವೂ ಇಲ್ಲದೆ ಅವರ ಭಾಷೆ ಅವಳಿಗೆ ಬಂದುಬಿಟ್ಟಿದೆ.

ಇಷ್ಟಾದರೂ ನಮ್ಮವ್ವನಿಗೆ ಒಂದು ಅನುಮಾನ ಒಳಗೊಳಗೇ ಕೊರೆಯುತ್ತಿತ್ತು. ವಯಸ್ಸಿನ ಹುಡುಗ, ಬೇರೆ ದೇಶ, ಫ್ರೆಂಡ್ಸು ಫ್ರೆಂಡ್ಸು ಅನ್ನುತ್ತಾನೆ, ಅವರಲ್ಲಿ ಹುಡುಗಿಯರೆಷ್ಟು? ಮೊನ್ನೆ ವಿಡಿಯೊ ಕಾಲಿನಲ್ಲಿ ಇವನು ಮಾತಾಡುತ್ತಿರುವಾಗ ಹಿಂದಿನಿಂದ ಒಂದು ಹುಡುಗಿಯ ದನಿ "ಆನ್! ಆನ್!" ಅಂತ ಕರೆಯಿತು. ಅವ್ವನ ಕಿವಿ ನೆಟ್ಟಗಾಯಿತು.

"ಅದೇನ್ಲಾ ಆ ಉಡ್ಗಿ ನಿನ್ನ ಕರ್ದಿದ್ದು?"

"ಅಣ್ಣ ಅಂತ ಕಣಜ್ಜಿ."

"ಎಲ್ರೂ ಅಂಗೇ ಕರೀತಾರಾ?"

"ನನಗಿಂತ ಚಿಕ್ಕೋರೆಲ್ಲ ಅಂಗೇ ಕರೆಯೋದು."

ಅವತ್ತಿನಿಂದ ಮುದುಕಿಗೆ ನಿದ್ದೆ ಚೆನ್ನಾಗಿ ಬರುತ್ತಿದೆ. ಆ ದೇಶದ ಹೆಣ್ಣುಮಕ್ಕಳು ಬಲು ಮರ್ಯಾದಸ್ತರು, ಕಂಡ ಗಂಡಸರನ್ನೆಲ್ಲ ಬಾಯಿತುಂಬ ಅಣ್ಣಾ ಅನ್ನುತ್ತಾರೆ ಅಂತ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಅಲ್ಲಿ ಹೆಂಡತಿ ಗಂಡನನ್ನು ಕರೆಯೋದೂ ‘ಆನ್’ ಅಂತಲೇ, ಪ್ರೀತಿಸಿದವಳು ಪ್ರೀತಿಸಿದವನನ್ನು ಕರೆಯೋದೂ ಅದೇ ಅಂತ ಅವಳಿಗೆ ತಿಳಿಸುವ ಧೈರ್ಯ ನಮ್ಮ ಮನೆಯಲ್ಲಿ ಇನ್ನೂ ಯಾರಿಗೂ ಬಂದಿಲ್ಲ.