ಒಬ್ರೇನಾ?

ಬೆಂಗಳೂರಿನಿಂದ ಹುಬ್ಬಳ್ಳಿಗೆ ನಾನೂರು ಚಿಲ್ಲರೆ ಕಿಲೋಮೀಟರ್. ಅಷ್ಟು ದೂರ ಒಬ್ಬನೇ ಕಾರು ಓಡಿಸಿಕೊಂಡು ಹೋಗುತ್ತೇನೆ ಅಂದರೆ ಸಾಕು, ಸೋದರಮಾವನಿಂದ ಹಿಡಿದು ಪೆಟ್ರೋಲ್ ಬಂಕಿನ ಹುಡುಗನವರೆಗೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ಒಬ್ರೇನಾ?’ ದನಿಯಲ್ಲಿ ಅರ್ಧ ಕನಿಕರ, ಅರ್ಧ ಗುಮಾನಿ. ‘2023ರಿಂದ ಧಾರವಾಡದ ತನಕ ವಂದೇ ಭಾರತ್ ಓಡ್ತಿದೆಯಲ್ಲೋ, ಮನೇಲಿ ಏನಾದ್ರೂ ಜಗಳವೇ?’ ಎಂದು ಮಾವ ನೇರವಾಗಿಯೇ ಕೇಳಿದ.

ನಾನು ಒಂಟಿ ಎಂಬುದನ್ನು ಒಪ್ಪದೇ ಇದ್ದದ್ದು ನನ್ನ ಕಾರು ಮಾತ್ರ. ಹುಬ್ಬಳ್ಳಿಯ ಗೆಳೆಯನಿಗೆಂದು ತೂಬಗೆರೆ ಕಡೆಯ ಹಲಸಿನ ಹಣ್ಣೊಂದನ್ನು ಪಕ್ಕದ ಸೀಟಿನಲ್ಲಿ ಕೂರಿಸಿದ್ದೆ. ನೆಲಮಂಗಲ ಬರುವಷ್ಟರಲ್ಲಿ ಕಾರು ಕೀಂ ಕೀಂ ಶುರು ಮಾಡಿತು: ಪಕ್ಕದವರು ಬೆಲ್ಟ್ ಹಾಕಿಲ್ಲ! 2019ರ ಜುಲೈನಿಂದ ಹೊಸ ಕಾರುಗಳಿಗೆ ಈ ಕೀಂಕಾರ ಕಡ್ಡಾಯ. ಸೀಟಿನ ಮೇಲೆ ಭಾರ ಬಿತ್ತೋ, ಮನುಷ್ಯನೋ ಹಲಸೋ ಎಂದು ಅದು ವಿಚಾರಿಸಲು ಹೋಗುವುದಿಲ್ಲ. ಗಾಡಿ ಪಕ್ಕಕ್ಕೆ ಹಾಕಿ ಹಣ್ಣಿಗೆ ಬೆಲ್ಟ್ ಬಿಗಿದೆ. ಬೆಲ್ಟು ಹೊಟ್ಟೆಯ ಮೇಲೆ ಹಾದು ಮುಳ್ಳುಗಳ ನಡುವೆ ಸರಿಯಾಗಿ ಕೂತಿತು. ಎಷ್ಟೋ ಜನ ಬಂಧುಗಳು ಇಷ್ಟು ಶಿಸ್ತಾಗಿ ಕೂತಿದ್ದಿಲ್ಲ. ಆಮೇಲೆ ಗಂಟೆಗೆ 80 ದಾಟಿದಾಗಲೆಲ್ಲ ಕಾರು ಬೇರೆ ರಾಗದಲ್ಲಿ ಕೆಮ್ಮಿತು. ಅದೂ ಕಾನೂನೇ. 120 ದಾಟಿದರೆ ಬಾಯಿ ಮುಚ್ಚುವುದೇ ಇಲ್ಲವಂತೆ. ಪರೀಕ್ಷಿಸುವ ಧೈರ್ಯ ನನಗಾಗಲಿಲ್ಲ.

ಮೊದಲಾದರೆ ಟೋಲ್‌ಗೇಟಿನಲ್ಲಿ ನಾಲ್ಕು ಮಾತಿಗೆ ಅವಕಾಶವಿತ್ತು. ಚಿಲ್ಲರೆ ಇಲ್ಲ ಅಂತ ಚಾಕೊಲೇಟ್ ಕೊಡುವುದು, ನಾವು ಬೇಡ ಅನ್ನುವುದು, ಹಿಂದಿನ ಲಾರಿಯವನು ಹಾರ್ನ್ ಒತ್ತುವುದು. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಕಂಬಿ ತಾನಾಗಿ ಏಳುತ್ತದೆ, ದುಡ್ಡು ತಾನಾಗಿ ಹೋಗುತ್ತದೆ. ಒಂಟಿ ಪ್ರಯಾಣಿಕನಿಗೆ ಜಗಳವಾಡಲೂ ಜನ ಇಲ್ಲ.

ಶಿರಾ, ಹಿರಿಯೂರು ಕಳೆದು ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಾಣಿಸಿದವು. ಕೆಲವು ತಿರುಗುತ್ತಿದ್ದವು, ಕೆಲವು ಸುಮ್ಮನೆ ನಿಂತಿದ್ದವು. ಯಾವ ಕಚೇರಿಯಲ್ಲಿ ಹಾಗಿಲ್ಲ ಹೇಳಿ.

ದಾವಣಗೆರೆಯಲ್ಲಿ ಹೆದ್ದಾರಿ ಬಿಟ್ಟು ಊರೊಳಗೆ ಹೋಗದಿದ್ದರೆ ಪಾಪ ಸುತ್ತಿಕೊಳ್ಳುತ್ತದೆ. ಸೌದೆ ಒಲೆಯ ಹೊಗೆ, ಕಾವಲಿಯ ಮೇಲೆ ಬೆಣ್ಣೆಯ ಚುರ್ ಸದ್ದು. ಒಬ್ಬನೇ ಬಂದವನಿಗೆ ಅಲ್ಲಿ ಪ್ರತ್ಯೇಕ ಟೇಬಲ್ಲು ಸಿಗುವುದಿಲ್ಲ. ‘ಸ್ವಲ್ಪ ಸರೀರಿ ಸಾರ್’ ಎಂದು ನನ್ನೆದುರಿಗೆ ಒಂದು ಸಂಸಾರವನ್ನೇ ಕೂರಿಸಿದರು. ಅವರ ಪುಟ್ಟ ಹುಡುಗ ನನ್ನ ದೋಸೆಯ ಮೇಲೆ ಕರಗುತ್ತಿದ್ದ ಬೆಣ್ಣೆಯುಂಡೆಯನ್ನೇ ನೋಡುತ್ತ, ‘ಅಂಕಲ್, ನಿಮ್ಮನೇರೆಲ್ಲ ಎಲ್ಲಿ?’ ಎಂದ. ‘ಕಾರಲ್ಲಿ ಒಬ್ರಿದ್ದಾರೆ’ ಎಂದೆ. ‘ಪಾಪ, ಅವರಿಗೂ ಒಂದು ಪಾರ್ಸಲ್ ತಗೊಂಡು ಹೋಗ್ರಿ’ ಎಂದರು ಅವನಮ್ಮ.

ಹರಿಹರದಲ್ಲಿ ತುಂಗಭದ್ರೆ ದಾಟಿದೆ. 1956ಕ್ಕೆ ಮುಂಚೆ ಮೈಸೂರು ರಾಜ್ಯದ ಸೀಮೆ ಇಲ್ಲಿಗೇ ಮುಗಿಯುತ್ತಿತ್ತು. ಈಗ ಗಡಿ ಇಲ್ಲ. ಆದರೆ ಕಾಫಿ ಮೆಲ್ಲಗೆ ಹಿಂದೆ ಸರಿದು ಚಹಾ ಮುಂದೆ ಬರುತ್ತದೆ, ಮಾತಿನ ಕೊನೆಗೊಂದು ‘ರೀ’ ಅಂಟಿಕೊಳ್ಳುತ್ತದೆ. ಪ್ರಶ್ನೆ ಮಾತ್ರ ಅದೇ. ಹುಬ್ಬಳ್ಳಿಯ ಲಾಡ್ಜಿನ ಮ್ಯಾನೇಜರ್ ಆಧಾರ್ ಕಾರ್ಡನ್ನೂ ನನ್ನ ಮುಖವನ್ನೂ ತಾಳೆ ಹಾಕಿ, ‘ಒಬ್ರ ಬಂದೀರೇನ್ರಿ? ಹಿಂದ ಯಾರರ ಬರಾವ್ರು ಅದಾರೇನ್ರಿ?’ ಎಂದರು. ಇಲ್ಲವೆಂದೆ. ಸಿಂಗಲ್ ರೂಮು ಖಾಲಿ ಇಲ್ಲ, ಡಬಲ್ಲೇ ಗತಿ. ಅಷ್ಟರಲ್ಲಿ ರೂಂಬಾಯ್ ಹಲಸನ್ನು ಮಗುವಿನಂತೆ ಎತ್ತಿಕೊಂಡು ಬಂದ. ಮ್ಯಾನೇಜರ್ ಮೂಗು ಅರಳಿಸಿ ಏನೋ ಹೇಳಹೊರಟವರು ಸುಮ್ಮನಾದರು.

ಕೋಣೆಯಲ್ಲಿ ಎರಡು ದಿಂಬು, ಎರಡು ಟವಲ್, ಬೆರಳುಗುರಿನಷ್ಟು ಎರಡು ಸೋಪು. ಸ್ವಿಚ್ಚುಗಳು ಹನ್ನೊಂದು, ಯಾವುದನ್ನು ಒತ್ತಿದರೂ ಹೊತ್ತಿಕೊಳ್ಳುತ್ತಿದ್ದದ್ದು ಬಾತ್‌ರೂಮಿನ ದೀಪ.

ಬಾಡಿಗೆಯಲ್ಲಿ ಬೆಳಗಿನ ನಾಷ್ಟಾ ಸೇರಿತ್ತು, ಇಬ್ಬರಿಗೆ. ಕೂಪನ್ನೂ ಎರಡು. ಮಾಣಿ ಎರಡು ಪ್ಲೇಟ್ ಇಡ್ಲಿ-ವಡೆ ಎದುರುಬದುರು ಇಟ್ಟು, ‘ಇನ್ನೊಬ್ರು ಬರ್ತಾರೇನ್ರಿ?’ ಎಂದ.

‘ಹ್ಞೂಂ, ಈಗ ಬರ್ತಾರೆ’ ಎಂದೆ. ನನ್ನದನ್ನು ಮುಗಿಸಿ, ಅವನು ಅತ್ತ ತಿರುಗಿದ ಹೊತ್ತು ನೋಡಿ, ಎದುರಿನ ಕುರ್ಚಿಗೆ ಹೋಗಿ ಕೂತೆ.